ನಿಂತ ಎಂಜಿನ್‌ಗೆ ಪೆಟ್ರೋಲ್ ತುಂಬದಿರಲಿ: ಹೋಮ್‌ಬಿಲ್ಟ್ ವಿಮಾನದಲ್ಲಿ ಇಂಜೆಕ್ಟರ್ ಸೋರಿಕೆ ತಡೆಯುವ ಸಮಗ್ರ ಮಾರ್ಗದರ್ಶಿ

ಅಮೆರಿಕ, ಕೆನಡಾಗಳಲ್ಲಿ ಗ್ಯಾರೇಜಿನಲ್ಲೇ ಕಟ್ಟಿ ಹಾರಿಸುವ ವಿಮಾನಗಳಲ್ಲಿ ಎಲೆಕ್ಟ್ರಾನಿಕ್ ಫ್ಯೂಯಲ್ ಇಂಜೆಕ್ಷನ್ (ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರ್ ಎಂಬ ಸಣ್ಣ ವಿದ್ಯುತ್ ವಾಲ್ವುಗಳು ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಈಗ ಅಪರೂಪವಲ್ಲ. ವ್ಯಾನ್ಸ್ ಆರ್‌ವಿ ಸರಣಿಯ ವಿಮಾನದ ಲೈಕಮಿಂಗ್ ಎಂಜಿನ್‌ಗೆ ಎಸ್‌ಡಿಎಸ್, ಇಎಫ್‌ಐಐ ತರಹದ ಕಿಟ್ ಹಾಕುವವರಿದ್ದಾರೆ. ಸುಬಾರು ಕಾರಿನ ಎಂಜಿನ್ನಿಗೆ ಗೇರ್‌ಬಾಕ್ಸ್ ಜೋಡಿಸಿ ಹಾರಿಸುವವರಿದ್ದಾರೆ. 2012ರಲ್ಲಿ ಬಂದ ರೋಟ್ಯಾಕ್ಸ್ 912 ಐಎಸ್‌ನಲ್ಲಂತೂ ಇಂಜೆಕ್ಷನ್ ಕಾರ್ಖಾನೆಯಿಂದಲೇ ಬರುತ್ತದೆ. ಇವೆಲ್ಲದರಲ್ಲೂ ಒಂದು ವಿಷಯ ಸಮಾನ. ಪಂಪು ಚಾಲೂ ಇದ್ದರೆ, ಎಂಜಿನ್ ತಿರುಗಲಿ ಬಿಡಲಿ, ಇಂಜೆಕ್ಟರಿನ ಬೆನ್ನಿಗೆ ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಕಾದು ನಿಂತಿರುತ್ತದೆ. ಅದನ್ನು ತಡೆಯುವುದು ಇಂಜೆಕ್ಟರಿನೊಳಗಿನ ಒಂದು ಸಣ್ಣ ಸೂಜಿ ಅಥವಾ ಗುಂಡು ಮಾತ್ರ.

ಆ ಸೂಜಿ ಸರಿಯಾಗಿ ಕೂರದಿದ್ದರೆ ಪೆಟ್ರೋಲ್ ಇಂಟೇಕ್ ಪೈಪಿಗೆ ಇಳಿದು, ವಾಲ್ವ್ ತೆರೆದಿರುವ ಸಿಲಿಂಡರಿಗೂ ಹೋಗುತ್ತದೆ. ಮುಂದಿನ ಸ್ಟಾರ್ಟಿಗೆ ಬರೀ ಕಪ್ಪು ಹೊಗೆ ಬಂದು ಅಷ್ಟಕ್ಕೇ ಮುಗಿದರೆ ಅದೃಷ್ಟ ಎಂದುಕೊಳ್ಳಿ. ಇಂಟೇಕಿನಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು, ಆಯಿಲ್ ತೆಳುವಾಗಿ ಬೇರಿಂಗ್ ಸವೆಯಬಹುದು, ಎಲ್ಲಕ್ಕಿಂತ ಕೆಟ್ಟದ್ದೆಂದರೆ ಹೈಡ್ರಾಲಿಕ್ ಲಾಕ್ ಆಗಿ (ಸಿಲಿಂಡರಿನಲ್ಲಿ ತುಂಬಿದ ದ್ರವಕ್ಕೆ ಪಿಸ್ಟನ್ ತಡೆದು ನಿಂತು) ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗಬಹುದು. ಬಾಗಿದ ರಾಡ್ ಅಂದೇ ಮುರಿಯಬೇಕೆಂದಿಲ್ಲ. ಇನ್ನಷ್ಟು ಗಂಟೆ ಕೆಲಸ ಮಾಡಿ ಟೇಕಾಫ್‌ನಲ್ಲೇ ಮುರಿಯಬಹುದು. ಅದಕ್ಕೇ ಈ ವಿಷಯವನ್ನು ಸ್ಟಾರ್ಟಿಂಗ್ ತೊಂದರೆ ಎಂದು ಹಗುರವಾಗಿ ತೆಗೆದುಕೊಳ್ಳಬಾರದು.

ಎಷ್ಟು ಪೆಟ್ರೋಲ್ ಸಾಕು?

ಮೊದಲು ಲೆಕ್ಕ ನೋಡೋಣ. ಲೈಕಮಿಂಗ್ ಓ-360ರ ಒಂದು ಸಿಲಿಂಡರಿನ ಅಳತೆ ಸುಮಾರು 1,480 ಮಿಲಿ. ಕಂಪ್ರೆಷನ್ ಅನುಪಾತ 8.5 ಇದ್ದರೆ, ಪಿಸ್ಟನ್ ಮೇಲ್ತುದಿಗೆ ಬಂದಾಗ ಉಳಿಯುವ ಜಾಗ 200 ಮಿಲಿಗಿಂತ ತುಸು ಕಡಿಮೆ. ಸುಬಾರು ಇಜೆ22ರಲ್ಲಿ ಒಂದು ಸಿಲಿಂಡರ್ ಸುಮಾರು 553 ಮಿಲಿ. ಕಂಪ್ರೆಷನ್ 9.5 ಎಂದು ಹಿಡಿದರೆ ಉಳಿಯುವ ಜಾಗ ಬರೀ 65 ಮಿಲಿ. ಅದಕ್ಕಿಂತ ಹೆಚ್ಚು ದ್ರವ ಒಳಗಿದ್ದರೆ ಪಿಸ್ಟನ್ನಿಗೆ ಮೇಲೇರಲು ದಾರಿಯಿಲ್ಲ. ದ್ರವ ಕುಗ್ಗುವುದಿಲ್ಲ, ರಾಡ್ ಬಾಗುತ್ತದೆ.

ನಿಮಿಷಕ್ಕೆ 250 ಮಿಲಿ ಹರಿಸುವ ಇಂಜೆಕ್ಟರ್ ಪೂರ್ತಿ ತೆರೆದು ಸಿಕ್ಕಿಕೊಂಡರೆ, ಪಂಪು ಓಡುವ ಪ್ರತಿ 15 ಸೆಕೆಂಡಿಗೆ 60 ಮಿಲಿಗಿಂತ ಹೆಚ್ಚು ಒಳಗೆ ಬೀಳುತ್ತದೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ಇಂಜೆಕ್ಟರ್ ಅಷ್ಟು ವೇಗದ್ದಲ್ಲ. ಪೆಟ್ರೋಲ್ ಹನಿ ನೀರಿನ ಹನಿಗಿಂತ ಚಿಕ್ಕದು, ಮಿಲಿಗೆ ಸುಮಾರು 40 ಹನಿ ಹಿಡಿಯುತ್ತದೆ. ಹಾಗಾದರೆ ನಿಮಿಷಕ್ಕೆ ಒಂದೂವರೆ ಮಿಲಿ. ರೇಡಿಯೋ, ಸ್ಕ್ರೀನ್ ನೋಡಿಕೊಳ್ಳುತ್ತ ಪಂಪನ್ನು ಹತ್ತು ನಿಮಿಷ ಚಾಲೂ ಬಿಟ್ಟರೆ 15 ಮಿಲಿ. ಲಾಕ್ ಆಗಲು ಅದು ಸಾಲದು, ಆದರೆ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಹೋಗಲು, ಬ್ಯಾಕ್‌ಫೈರ್ ಆದರೆ ಬೆಂಕಿ ಹತ್ತಲು ಧಾರಾಳ ಸಾಕು.

ಪಂಪು ಆಫ್ ಮಾಡಿದ ಮೇಲೆ? ಇಲ್ಲೇ ಹಲವರ ಲೆಕ್ಕ ತಪ್ಪುವುದು. ಪೆಟ್ರೋಲ್ ಒತ್ತಡಕ್ಕೆ ಕುಗ್ಗುವುದು ತೀರಾ ಕಡಿಮೆ. ಆದ್ದರಿಂದ ರೈಲ್‌ನೊಳಗೆ (ಎಲ್ಲ ಇಂಜೆಕ್ಟರುಗಳಿಗೂ ಪೆಟ್ರೋಲ್ ಹಂಚುವ ಪೈಪಿನೊಳಗೆ) 3 ಬಾರ್ ಒತ್ತಡ ಸೊನ್ನೆಗೆ ಇಳಿಯಲು ಕೆಲವೇ ಹನಿ ಹೊರಬಂದರೆ ಸಾಕು. ಒತ್ತಡ ಸೊನ್ನೆಯಾದ ಮೇಲೆ ತಳ್ಳುವ ಶಕ್ತಿ ಉಳಿಯುವುದು ಎರಡೇ ಕಡೆಯಿಂದ. ಒಂದು, ಕೌಲಿಂಗ್ (ಎಂಜಿನ್ನಿನ ಹೊರಕವಚ) ಒಳಗಿನ ಬಿಸಿ. ಆರಿಸಿದ ಎಂಜಿನ್ನಿನ ಶಾಖಕ್ಕೆ ಪೆಟ್ರೋಲ್ ಕುದ್ದರೆ ಆವಿ ಉಬ್ಬಿ, ರೈಲು ಮತ್ತು ಹೋಸ್‌ನಲ್ಲಿರುವ 30ರಿಂದ 60 ಮಿಲಿ ಪೂರ್ತಿ ಇಂಜೆಕ್ಟರ್ ಮೂಲಕ ಹೊರದೂಡಲ್ಪಡಬಹುದು. ಇನ್ನೊಂದು, ರೆಕ್ಕೆ ಮೇಲಿರುವ ವಿಮಾನದಲ್ಲಿ ಟ್ಯಾಂಕಿನ ಎತ್ತರ. ಒಂದು ಮೀಟರ್ ಎತ್ತರದ ಪೆಟ್ರೋಲ್ ಸುಮಾರು 0.07 ಬಾರ್ ಒತ್ತುತ್ತದೆ. ಪಂಪಿನ ಚೆಕ್ ವಾಲ್ವ್ ಹಿಂದಕ್ಕೆ ಹರಿಯುವುದನ್ನಷ್ಟೇ ತಡೆಯುತ್ತದೆ, ಮುಂದಕ್ಕೆ ಜಿನುಗುವುದಕ್ಕೆ ಅದು ಭದ್ರವಾದ ಅಡ್ಡಿಯಲ್ಲ. 3 ಬಾರ್‌ನಲ್ಲಿ ಸೆಕೆಂಡಿಗೊಂದು ಹನಿ ಬಿಡುವ ಇಂಜೆಕ್ಟರ್ ಈ ಸಣ್ಣ ಒತ್ತಡಕ್ಕೂ ಅದೇ ಅನುಪಾತದಲ್ಲಿ ಜಿನುಗಿದರೆ ಮೂರು ದಿನದಲ್ಲಿ 150 ಮಿಲಿ ಆಗುತ್ತದೆ. ಫ್ಯೂಯಲ್ ವಾಲ್ವ್ ಮುಚ್ಚದೆ ಹ್ಯಾಂಗರ್‌ನಲ್ಲಿ ಬಿಟ್ಟುಹೋದ ಹೈ-ವಿಂಗ್ ವಿಮಾನಕ್ಕೆ ಇದೇ ಅಪಾಯ.

ಹೀಗಾಗಿ ಇಂಜೆಕ್ಟರ್ ಎಷ್ಟೇ ಒಳ್ಳೆಯದಿರಲಿ, ಅದೊಂದನ್ನೇ ನಂಬಬೇಡಿ. ಎಂಜಿನ್ ನಿಂತಿರುವಾಗ ಒತ್ತಡ ಉಳಿಯಬಾರದು, ಟ್ಯಾಂಕಿನ ದಾರಿ ಮುಚ್ಚಿರಬೇಕು, ಸೋರಿದ್ದು ಹೊರಹೋಗಲು ತೂತಿರಬೇಕು. ಇಷ್ಟಾದರೆ ಇಂಜೆಕ್ಟರ್ ಕೈಕೊಟ್ಟರೂ ಎಂಜಿನ್ ಉಳಿಯುತ್ತದೆ.

ಎಂಜಿನ್ನಿನ ಆಕಾರವೂ ಮುಖ್ಯ. ಲೈಕಮಿಂಗ್‌ನಲ್ಲಿ ಇಂಟೇಕ್ ಪೋರ್ಟುಗಳು ಸಿಲಿಂಡರಿನ ಕೆಳಗಿವೆ. ಸೋರಿದ್ದು ಹೆಚ್ಚಾಗಿ ಪೈಪಿನಲ್ಲಿ ಕೆಳಗಿಳಿದು ಎಂಜಿನ್ನಿನ ತಳದ ಸಂಪ್ ಕಡೆಗೆ ಹೋಗುತ್ತದೆ. ಸುಬಾರು, ರೋಟ್ಯಾಕ್ಸ್ ಮತ್ತು ಫೋಕ್ಸ್‌ವ್ಯಾಗನ್ ಮೂಲದ ಎಂಜಿನ್‌ಗಳಲ್ಲಿ ಇಂಟೇಕ್ ಮೇಲಿದೆ. ಸೋರಿದ್ದು ನೇರ ವಾಲ್ವಿನ ಬೆನ್ನ ಮೇಲೆ. ಮೇಲಿಂದ ಉಸಿರಾಡುವ ಎಂಜಿನ್ ನಿಮ್ಮದಾದರೆ ಮುಂದೆ ಹೇಳುವ ಯಾವ ಹಂತವನ್ನೂ ಬಿಡಬೇಡಿ.

ಸೋರಿಕೆಯ ಮೂಲಗಳು

ಇಂಜೆಕ್ಟರಿನ ಸೂಜಿ ಮೇಲೇಳುವುದೇ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೋ ಅದಕ್ಕಿಂತ ಕಡಿಮೆಯೋ. ಆ ಸಂದಿಗೆ ಹೋಸ್ ಕತ್ತರಿಸಿದಾಗ ಬಿದ್ದ ರಬ್ಬರ್ ಪುಡಿ, ಟ್ಯಾಂಕ್ ಸೀಲಂಟ್ ಚೂರು, ಅಲ್ಯುಮಿನಿಯಂ ಸಿಪ್ಪೆ ಸಿಕ್ಕಿದರೆ ಸಾಕು. ಹೊಸದಾಗಿ ಕಟ್ಟಿದ ವಿಮಾನದಲ್ಲಿ ಮೊದಲ ಗಂಟೆಗಳ ಸೋರಿಕೆಗೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಹಳೆಯದರಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಕಟ್ಟಿದ ಅಂಟು, ನೀರು ಸೇರಿ ಹಿಡಿದ ತುಕ್ಕು, ಸವೆದ ಸೀಟು.

ಇಂಜೆಕ್ಟರ್ ನಿರ್ದೋಷಿಯಾಗಿದ್ದೂ ಎಂಜಿನ್ ಫ್ಲಡ್ ಆಗುವ (ಒಳಗೆ ಪೆಟ್ರೋಲ್ ತುಂಬಿಕೊಳ್ಳುವ) ದಾರಿಗಳು ಎರಡಿವೆ, ಎರಡನ್ನೂ ಜನ ಮರೆಯುತ್ತಾರೆ. ಮೊದಲನೆಯದು ರೈಲಿನ ಒತ್ತಡ ಹದದಲ್ಲಿಡುವ ಪ್ರೆಷರ್ ರೆಗ್ಯುಲೇಟರ್. ಇಂಟೇಕ್ ಒತ್ತಡಕ್ಕೆ ಹೊಂದಿಕೊಳ್ಳುವ ರೆಗ್ಯುಲೇಟರಿಗೆ ಇಂಟೇಕ್ ಮ್ಯಾನಿಫೋಲ್ಡ್‌ನಿಂದ ಒಂದು ಸಣ್ಣ ಹೋಸ್ ಬಂದಿರುತ್ತದೆ. ಒಳಗಿನ ಡಯಾಫ್ರಮ್ ಹರಿದರೆ ಪೆಟ್ರೋಲ್ ಅದೇ ಹೋಸಿನಲ್ಲಿ ಹರಿದು ಸೀದಾ ಮ್ಯಾನಿಫೋಲ್ಡಿಗೆ ಬೀಳುತ್ತದೆ. ನಾಲ್ಕೂ ಇಂಜೆಕ್ಟರ್ ಬದಲಾಯಿಸಿದರೂ ಫ್ಲಡ್ ನಿಲ್ಲುವುದಿಲ್ಲ. ಎರಡನೆಯದು ವೈರು. ಇಂಜೆಕ್ಟರಿಗೆ 12 ವೋಲ್ಟ್ ಸದಾ ಇರುತ್ತದೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇನ್ನೊಂದು ತುದಿಯನ್ನು ಅರ್ತ್ ಮಾಡಿದಾಗ ಅದು ತೆರೆಯುತ್ತದೆ. ಆ ತುದಿಯ ವೈರು ಉಜ್ಜಿ ಎಂಜಿನ್ ಮೈಗೆ ತಾಗಿದರೆ ಇಂಜೆಕ್ಟರ್ ಪೂರ್ತಿ ತೆರೆದೇ ಇರುತ್ತದೆ.

ಕೈ ಹಾಕುವ ಮೊದಲು

ವಿಮಾನವನ್ನು ಹ್ಯಾಂಗರ್‌ನಿಂದ ಹೊರಗೆ ತನ್ನಿ. ಚಕ್ರಕ್ಕೆ ಚಾಕ್, ಬಾಲಕ್ಕೆ ಹಗ್ಗ, ವಿಮಾನದ ಮೈಯಿಂದ ನೆಲಕ್ಕೆ ಬಾಂಡಿಂಗ್ ವೈರ್ ಇರಲಿ. ಪೆಟ್ರೋಲ್ ಬೆಂಕಿಗೆ ಒಗ್ಗುವ ಎಕ್ಸ್‌ಟಿಂಗ್ವಿಶರ್ ಕೈಗೆಟಕುವಲ್ಲಿರಲಿ, ಅದನ್ನು ಹಿಡಿದು ನಿಲ್ಲುವ ಇನ್ನೊಬ್ಬರೂ ಇರಲಿ. ಎಂಜಿನ್ ತಣ್ಣಗಿರಬೇಕು. ಇಗ್ನಿಷನ್ ಮತ್ತು ಇಸಿಯು ಆಫ್ ಮಾಡಿ. ಇಸಿಯು ಚಾಲೂ ಇದ್ದು ಪ್ರೊಪೆಲ್ಲರ್ ತಿರುಗಿಸಿದರೆ ಕಾಯಿಲ್ ಕಿಡಿ ಹಾರಿಸಬಹುದು. ಒಂದು ಮ್ಯಾಗ್ನೆಟೋ (ಬ್ಯಾಟರಿ ಇಲ್ಲದೆಯೂ ಕಿಡಿ ಹುಟ್ಟಿಸುವ ಸಾಧನ) ಉಳಿಸಿಕೊಂಡಿದ್ದರೆ ಅದನ್ನು ಆರಿಸುವ ವೈರಾದ ಪಿ-ಲೀಡ್ ನಿಜವಾಗಿ ಅರ್ತ್ ಆಗಿದೆಯೇ ಎಂದು ಮೀಟರ್ ಹಿಡಿದು ನೋಡಿ, ಸ್ವಿಚ್ಚಿನ ಮಾತು ನಂಬಬೇಡಿ. ಪ್ರೊಪೆಲ್ಲರ್ ಮುಟ್ಟುವಾಗಲೆಲ್ಲ ಎಂಜಿನ್ ಯಾವ ಕ್ಷಣದಲ್ಲೂ ಹೊತ್ತಿಕೊಳ್ಳಬಹುದು ಎಂದೇ ಭಾವಿಸಿ ನಿಲ್ಲಿ.

ಹಂತ 1: ರೈಲ್ ಒತ್ತಡ ಎಷ್ಟು ಹೊತ್ತು ನಿಲ್ಲುತ್ತದೆ?

ಇಸಿಯು ಆಫ್ ಇರುವಾಗಲೇ ಪಂಪನ್ನು ಮಾತ್ರ ಐದು ಸೆಕೆಂಡ್ ಓಡಿಸಿ. ಒತ್ತಡ ಬರೆದುಕೊಂಡು ಪಂಪು ಆಫ್ ಮಾಡಿ. ಆಮೇಲೆ 1, 5, 10 ಮತ್ತು 30 ನಿಮಿಷಕ್ಕೆ ಗೇಜ್ ಓದಿ ಬರೆಯಿರಿ. ಪಂಪಿಗೂ ಇಸಿಯುಗೂ ಒಂದೇ ಸ್ವಿಚ್ ಇದ್ದರೆ ಇಂಜೆಕ್ಟರ್ ಕನೆಕ್ಟರುಗಳನ್ನು ಕಿತ್ತು ಈ ಪರೀಕ್ಷೆ ಮಾಡಿ.

ಬಿಸಿ ಎಂಜಿನ್ನಿನಲ್ಲಿ ಈ ಓದಿಗೆ ಅರ್ಥವಿಲ್ಲ. ಶಾಖಕ್ಕೆ ಒತ್ತಡ ಮೊದಲು ಏರಿ ಆಮೇಲೆ ಇಳಿಯುತ್ತದೆ, ಸೋರಿಕೆ ಅದರಡಿ ಮುಚ್ಚಿಹೋಗುತ್ತದೆ.

ನಾವು ಇಟ್ಟುಕೊಳ್ಳುವ ಅಳತೆ ಹೀಗೆ: ಹತ್ತು ನಿಮಿಷದ ನಂತರವೂ ಮೊದಲಿನ ಒತ್ತಡದ ಮುಕ್ಕಾಲು ಪಾಲು ನಿಂತಿದ್ದರೆ ನಿಶ್ಚಿಂತೆ. ಒಂದು ನಿಮಿಷದೊಳಗೆ ಸೊನ್ನೆಗೆ ಬಿದ್ದರೆ ಎರಡನೇ ಹಂತಕ್ಕೆ ಹೋಗಿ. ಆದರೆ ಗೇಜ್ ಬಿದ್ದ ಮಾತ್ರಕ್ಕೆ ಇಂಜೆಕ್ಟರನ್ನು ದೂರಬೇಡಿ. ಕೆಲವೇ ಹನಿಗೆ ಒತ್ತಡ ಸೊನ್ನೆಯಾಗುತ್ತದೆ ಎಂದೆವಲ್ಲ, ಆ ಹನಿಗಳು ಪಂಪಿನ ಕಡೆಗೋ ಟ್ಯಾಂಕಿನ ಕಡೆಗೋ ಹೋಗಿದ್ದರೆ ಎಂಜಿನ್ನಿಗೆ ಏನೂ ತೊಂದರೆಯಿಲ್ಲ. ಈ ಪರೀಕ್ಷೆಯ ನಿಜವಾದ ಬೆಲೆ ಇರುವುದು ಹೋಲಿಕೆಯಲ್ಲಿ. ಕಳೆದ ಸಲ 30 ನಿಮಿಷ ನಿಂತದ್ದು ಈ ಸಲ 4 ನಿಮಿಷಕ್ಕೆ ಬಿದ್ದರೆ ಏನೋ ಬದಲಾಗಿದೆ ಎಂದರ್ಥ.

ಹಂತ 2: ಮೂರು ದಾರಿಗಳಲ್ಲಿ ಯಾವುದು?

ರೈಲಿನ ಪೆಟ್ರೋಲ್ ತಪ್ಪಿಸಿಕೊಳ್ಳಲು ಮೂರೇ ದಾರಿ: ಹಿಂದಕ್ಕೆ ಪಂಪಿನ ಚೆಕ್ ವಾಲ್ವ್, ಮುಂದಕ್ಕೆ ರೆಗ್ಯುಲೇಟರ್ ಮೂಲಕ ರಿಟರ್ನ್ ಲೈನ್, ಇಲ್ಲವೇ ಇಂಜೆಕ್ಟರ್. ಒಂದೊಂದನ್ನಾಗಿ ಮುಚ್ಚಿ ನೋಡಬೇಕು.

ಪಂಪಿನ ನಂತರದ ಲೈನಿಗೆ ಪರೀಕ್ಷೆಗೆಂದೇ ಒಂದು ಎಎನ್-6 ಅಳತೆಯ ಬಾಲ್ ವಾಲ್ವ್ ತಾತ್ಕಾಲಿಕವಾಗಿ ಹಾಕಿ. ಒತ್ತಡ ಏರಿಸಿ, ಪಂಪು ಆಫ್ ಮಾಡಿ, ವಾಲ್ವ್ ಮುಚ್ಚಿ. ಈಗ ಒತ್ತಡ ನಿಂತರೆ ತಪ್ಪು ಚೆಕ್ ವಾಲ್ವಿನದು. ಇದು ಫ್ಲಡ್ ಮಾಡುವುದಿಲ್ಲ. ಆದರೆ ಪಕ್ಕಪಕ್ಕ ಎರಡು ಪಂಪು ಇರುವ ವ್ಯವಸ್ಥೆಯಲ್ಲಿ ಕೆಟ್ಟ ಚೆಕ್ ವಾಲ್ವ್ ಇದ್ದರೆ, ಓಡುವ ಪಂಪಿನ ಪೆಟ್ರೋಲ್ ನಿಂತ ಪಂಪಿನ ಮೂಲಕ ಹಿಂದಕ್ಕೆ ಹೋಗಿ ಒತ್ತಡ ಕುಸಿಯುತ್ತದೆ. ಹಾಗಾಗಿ ಅದನ್ನೂ ಬದಲಾಯಿಸಲೇಬೇಕು.

ಒತ್ತಡ ಇನ್ನೂ ಬೀಳುತ್ತಿದ್ದರೆ ರಿಟರ್ನ್ ಲೈನನ್ನೂ ಹಾಗೇ ಮುಚ್ಚಿ. ಇಲ್ಲಿ ಒಂದು ಕಟ್ಟೆಚ್ಚರ: ರಿಟರ್ನ್ ಮುಚ್ಚುವುದು ಪಂಪು ನಿಂತ ಮೇಲೆ ಮಾತ್ರ. ಪಂಪು ಓಡುವಾಗ ಮುಚ್ಚಿದರೆ ಒತ್ತಡ ಪಂಪಿನ ಒಳಗಿನ ರಿಲೀಫ್ ವಾಲ್ವ್ ತೆರೆಯುವವರೆಗೂ ಏರಿ ಹೋಸ್, ಗೇಜ್, ಓ-ರಿಂಗ್ ಎಲ್ಲಕ್ಕೂ ಕುತ್ತು. ಹೋಸನ್ನು ಕ್ಲಾಂಪಿನಿಂದ ಹಿಸುಕಿ ಮುಚ್ಚುವ ಕಾರ್ ಮೆಕ್ಯಾನಿಕ್ಕಿನ ವಿಧಾನವೂ ಇಲ್ಲಿ ಬೇಡ. ಟೆಫ್ಲಾನ್ ಒಳಪದರದ ಹೋಸ್ ಒಮ್ಮೆ ಮಡಚಿದರೆ ಕೆಟ್ಟಂತೆಯೇ.

ರೆಗ್ಯುಲೇಟರಿನ ಡಯಾಫ್ರಮ್ ನೋಡಲು ಎರಡು ನಿಮಿಷ ಸಾಕು. ಮ್ಯಾನಿಫೋಲ್ಡಿನಿಂದ ಬರುವ ಸಣ್ಣ ಹೋಸ್ ಕಿತ್ತು, ಪಂಪು ಓಡಿಸಿ, ಆ ತೂತಿಗೆ ಬಿಳಿ ಟಿಶ್ಯೂ ಒತ್ತಿ ನೋಡಿ. ಪೂರ್ತಿ ಒಣಗಿರಬೇಕು. ತೇವ ಕಂಡರೆ, ವಾಸನೆ ಬಂದರೂ, ರೆಗ್ಯುಲೇಟರ್ ಬದಲಾಯಿಸಿ. ರಿಪೇರಿ ಯೋಚನೆ ಬೇಡ.

ಎರಡೂ ದಾರಿ ಮುಚ್ಚಿದರೂ ಒತ್ತಡ ಬಿದ್ದರೆ, ಮತ್ತು ಹೊರಗೆ ಎಲ್ಲೂ ತೇವ ಕಾಣದಿದ್ದರೆ, ಉಳಿದದ್ದು ಇಂಜೆಕ್ಟರ್.

ಹಂತ 3: ಹನಿ ಪರೀಕ್ಷೆ

ಯಾವ ಇಂಜೆಕ್ಟರ್, ಎಷ್ಟು ಸೋರುತ್ತದೆ ಎಂದು ಕಣ್ಣಾರೆ ತೋರಿಸುವುದು ಇದೊಂದೇ. ಅಪಾಯ ಹೆಚ್ಚಿರುವುದೂ ಇದರಲ್ಲೇ. ಅನುಕೂಲವಿದ್ದರೆ ಇಂಜೆಕ್ಟರ್ ಬೆಂಚ್ ಇರುವ ವರ್ಕ್‌ಶಾಪಿನಲ್ಲಿ ಟೆಸ್ಟ್ ಫ್ಲೂಯಿಡ್ ಹಾಕಿ ಮಾಡಿಸಿ. ವಿಮಾನದಲ್ಲೇ ಮಾಡುವುದಾದರೆ ಹೀಗೆ ಮಾಡಿ:

1. ಒತ್ತಡ ಪೂರ್ತಿ ಇಳಿಸಿ. ಎಲ್ಲ ಇಂಜೆಕ್ಟರ್ ಕನೆಕ್ಟರ್ ಕಿತ್ತು ಇಡಿ.
2. ರೈಲನ್ನು ಇಂಜೆಕ್ಟರ್ ಸಮೇತ ಎತ್ತಿ. ಪ್ರತಿ ಇಂಜೆಕ್ಟರನ್ನೂ ರೈಲಿಗೆ ಸೇಫ್ಟಿ ವೈರ್‌ನಿಂದ ಬಿಗಿಯಾಗಿ ಕಟ್ಟಿ. ಕಟ್ಟದಿದ್ದರೆ 3 ಬಾರ್ ಒತ್ತಡಕ್ಕೆ ಇಂಜೆಕ್ಟರ್ ಚಿಮ್ಮಿ ಕಳಚಿ ಪೆಟ್ರೋಲ್ ಸುತ್ತಲೂ ಸಿಡಿಯುತ್ತದೆ.
3. ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿ, ಪ್ರತಿಯೊಂದರ ಕೆಳಗೂ ಒಂದು ಗಾಜಿನ ಶೀಶೆ ಇಟ್ಟು ಸಿಲಿಂಡರ್ ನಂಬರ್ ಬರೆಯಿರಿ.
4. ಪಂಪು ಓಡಿಸಿ, ಹತ್ತು ನಿಮಿಷ ನೋಡಿ, ಪಂಪು ಆಫ್ ಮಾಡಿ.

ಕಾರುಗಳ ಸರ್ವಿಸ್ ಮ್ಯಾನುಯಲ್‌ಗಳಲ್ಲಿ ನಿಮಿಷಕ್ಕೆ ಒಂದು ಹನಿ ಎಂಬುದರಿಂದ ಹಿಡಿದು 12 ನಿಮಿಷಕ್ಕೆ ಒಂದು ಹನಿ ಎಂಬುದರ ತನಕ ಮಿತಿಗಳಿವೆ. ವಿಮಾನಕ್ಕೆ ಬಿಗಿಯಾದ ಮಿತಿಯೇ ಸರಿ. ಹತ್ತು ನಿಮಿಷದಲ್ಲಿ ತುದಿ ಮಂಜು ಹಿಡಿದಂತೆ ತೇವವಾದರೆ ಪರವಾಗಿಲ್ಲ, ಹನಿ ಕಟ್ಟಿ ಬೀಳಬಾರದು. ತುದಿಯಲ್ಲಿ ಹನಿ ದಪ್ಪಗಾಗುವುದು, ಹೊಳೆಯುತ್ತ ಜೋಲುವುದು, ಕಳಚುವುದು ಬರಿಗಣ್ಣಿಗೇ ಕಾಣುತ್ತದೆ. ಬಿದ್ದ ಹನಿ ಇಂಜೆಕ್ಟರಿನ ತುದಿಯ ರಂಧ್ರದಿಂದ ಬಂತೋ ಮೇಲಿನ ಓ-ರಿಂಗಿನಿಂದ ಮೈಮೇಲೆ ಇಳಿದು ಬಂತೋ ಎಂದು ಗಮನಿಸಿ. ಮೇಲಿನ ಓ-ರಿಂಗ್ ಸೋರಿದರೆ ಪೆಟ್ರೋಲ್ ಸಿಲಿಂಡರಿಗಲ್ಲ, ಬಿಸಿ ಎಂಜಿನ್ನಿನ ಮೈಮೇಲೆ ಬೀಳುತ್ತದೆ. ಅಂಥದ್ದರಲ್ಲಿ ಒಂದು ಸ್ಟಾರ್ಟೂ ಬೇಡ.

ಹಂತ 4: ವೈರು

ಇಂಜೆಕ್ಟರ್ ಕನೆಕ್ಟರ್ ಮತ್ತು ಇಸಿಯು ಕನೆಕ್ಟರ್ ಎರಡನ್ನೂ ಕಿತ್ತು, ಇಸಿಯು ಕಡೆಯ ವೈರು ಮತ್ತು ಎಂಜಿನ್ ಮೈ ನಡುವೆ ಮೀಟರ್ ಇಡಿ. ಏನೂ ತೋರಿಸಬಾರದು. ಇಂಜೆಕ್ಟರನ್ನು ಹಾಗೇ ಬಿಟ್ಟು ಅಳೆದರೆ ಕಾಯಿಲ್ ಮೂಲಕ ಬೇರೆ ದಾರಿ ಸಿಕ್ಕಿ ಮೀಟರ್ ಸುಳ್ಳು ಹೇಳುತ್ತದೆ. ಅಳೆಯುತ್ತಲೇ ವೈರನ್ನು ಕ್ಲಾಂಪುಗಳ ಹತ್ತಿರ, ಫೈರ್‌ವಾಲ್ ತೂತಿನ ಹತ್ತಿರ ಅಲ್ಲಾಡಿಸಿ. ಇಂಜೆಕ್ಟರ್ ಕಾಯಿಲ್ ಕೂಡ ಅಳೆಯಿರಿ. ಹೈ-ಇಂಪೀಡೆನ್ಸ್ ಇಂಜೆಕ್ಟರ್ 12ರಿಂದ 16 ಓಮ್ ಇರಬೇಕು, ಒಂದೇ ಸೆಟ್ಟಿನ ಇಂಜೆಕ್ಟರುಗಳಲ್ಲಿ ಒಂದು ಓಮ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದನ್ನು ಅನುಮಾನಿಸಿ. ರೋಟ್ಯಾಕ್ಸ್ 912 ಐಎಸ್ ಆದರೆ ಅದರ ಹಾರ್ನೆಸ್, ಫ್ಯೂಸ್ ಬಾಕ್ಸ್ ತೆರೆದು ತಿದ್ದುವ ಕೆಲಸಕ್ಕೆ ಹೋಗಬೇಡಿ, ತಯಾರಕರ ಮ್ಯಾನುಯಲ್ ಪ್ರಕಾರವೇ ನಡೆಯಿರಿ.

ಹಂತ 5: ತೊಳೆಯುವುದೋ, ಬದಲಾಯಿಸುವುದೋ

ಕಸ ಅಥವಾ ಅಂಟಿನಿಂದ ಸೋರುತ್ತಿದ್ದರೆ ಅಲ್ಟ್ರಾಸಾನಿಕ್ ಕ್ಲೀನಿಂಗ್ ಕೆಲಸಕ್ಕೆ ಬರುತ್ತದೆ. ಇಂಜೆಕ್ಟರಿನ ತಲೆಯಲ್ಲಿರುವ ಚಿಕ್ಕ ಜರಡಿ ತೆಗೆದು, ಇಂಜೆಕ್ಟರ್ ತೆರೆದು ಮುಚ್ಚುವಂತೆ ಪಲ್ಸ್ ಕೊಡುತ್ತಲೇ ತೊಳೆದು, ಹೊಸ ಜರಡಿ ಹಾಕಬೇಕು. ತೊಳೆದ ಮೇಲೂ ಹನಿ ಬಿದ್ದರೆ ಸೀಟು ಸವೆದಿದೆ. ಎರಡನೇ ಸಲ ತೊಳೆಯುವುದಕ್ಕಿಂತ ಹೊಸದು ತರುವುದು ಮೇಲು. ಒಂದೇ ಬದಲಾಯಿಸುವುದಾದರೆ ಉಳಿದವುಗಳ ಹರಿವಿಗೆ ಶೇ. 2ರೊಳಗೆ ಹೊಂದುವಂಥದ್ದೇ ಇರಲಿ, ಇಲ್ಲದಿದ್ದರೆ ಆ ಸಿಲಿಂಡರಿನ ಇಜಿಟಿ (ಎಕ್ಸಾಸ್ಟ್ ಅನಿಲದ ತಾಪಮಾನ) ಉಳಿದವುಗಳ ಜೊತೆ ಬರುವುದಿಲ್ಲ. ಓ-ರಿಂಗ್ ಪ್ರತಿ ಸಲವೂ ಹೊಸದು, ಪೆಟ್ರೋಲ್ ತಾಳುವ ವೈಟನ್ ರಬ್ಬರಿನದು. ಶುದ್ಧ ಎಂಜಿನ್ ಆಯಿಲ್ ಸವರಿ ತಿರುಗಿಸುತ್ತ ಒತ್ತಿ ಕೂರಿಸಿ. ಒಣ ಓ-ರಿಂಗ್ ಒತ್ತಿದರೆ ಅಂಚು ಕತ್ತರಿಸಿಹೋಗಿ, ಆ ಚೂರೇ ಮುಂದಿನ ಸೋರಿಕೆಗೆ ಕಾರಣವಾಗುತ್ತದೆ.

ಮತ್ತೆ ಕಸ ಬರದಂತೆ ಮಾಡದಿದ್ದರೆ ಇದೆಲ್ಲ ವ್ಯರ್ಥ. ಪಂಪಿಗೆ ಮೊದಲು 100 ಮೈಕ್ರಾನ್, ಪಂಪಿನ ನಂತರ 10 ಮೈಕ್ರಾನ್ ಫಿಲ್ಟರ್ ಹಾಕಿ. ಪಂಪಿಗೆ ಮೊದಲೇ 10 ಮೈಕ್ರಾನ್ ಹಾಕಿದರೆ ಎಳೆತಕ್ಕೆ ತಡೆಯಾಗಿ ಪೆಟ್ರೋಲ್ ಆವಿಯಾಗುತ್ತದೆ, ಪಂಪು ಗುಳ್ಳೆ ಎಳೆಯುತ್ತದೆ. ಯಾವ ಹೋಸ್ ಬಿಚ್ಚಿ ಹಾಕಿದರೂ ರೈಲಿಗೆ ಸೇರಿಸುವ ಮೊದಲು ಆ ತುದಿಯಿಂದ ನಾಲ್ಕು ಲೀಟರ್ ಪೆಟ್ರೋಲನ್ನು ಬಿಳಿ ಬಟ್ಟೆಯ ಮೂಲಕ ಡಬ್ಬಕ್ಕೆ ಪಂಪು ಮಾಡಿ, ಬಟ್ಟೆಯ ಮೇಲೆ ಏನು ಉಳಿಯಿತೆಂದು ನೋಡಿ. ಒಂದು ಕರಿ ಚುಕ್ಕೆ ಕಂಡರೂ ಇನ್ನೊಮ್ಮೆ ಮಾಡಿ.

ಹಂತ 6: ಸೋರಿದರೂ ಕೆಡದಂತೆ ಕಟ್ಟುವುದು

ಕಾರಿನಲ್ಲಿ ಎಂಜಿನ್ ನಿಂತರೆ ಇಸಿಯು ತಾನೇ ಪಂಪು ಆರಿಸುತ್ತದೆ. ವಿಮಾನದಲ್ಲಿ ಅನೇಕರು ಈ ಸೌಲಭ್ಯವನ್ನು ಬೇಕೆಂದೇ ಬಿಡುತ್ತಾರೆ, ಅದು ಸರಿಯೂ ಹೌದು. ಹಾರುವಾಗ ಆರ್‌ಪಿಎಂ ಸಿಗ್ನಲ್ ಒಂದು ಕ್ಷಣ ತಪ್ಪಿದ್ದಕ್ಕೆ ಪೆಟ್ರೋಲೇ ನಿಂತುಹೋಗಬಾರದು. ಅದೇ ಕಾರಣಕ್ಕೆ ಆಯಿಲ್ ಪ್ರೆಷರ್ ಸ್ವಿಚ್ಚನ್ನು ಪಂಪಿನ ಸರ್ಕ್ಯೂಟಿನಲ್ಲಿ ಸರಣಿಯಾಗಿ ಸೇರಿಸುವುದೂ, ಮುಖ್ಯ ಲೈನಿಗೆ ಕರೆಂಟ್ ಹೋದರೆ ಮುಚ್ಚಿಕೊಳ್ಳುವ ಸೊಲೆನಾಯ್ಡ್ ವಾಲ್ವ್ ಹಾಕುವುದೂ ಬೇಡ. ನೆಲದ ಮೇಲಿನ ತೊಂದರೆ ತಪ್ಪಿಸಲು ಗಾಳಿಯಲ್ಲಿ ಎಂಜಿನ್ ಕಳೆದುಕೊಳ್ಳುವ ದಾರಿ ಅವು.

ಬದಲಿಗೆ ದೀಪ ಹಾಕಿ. ಪಂಪಿನ ಸ್ವಿಚ್ಚಿನ ನಂತರದ 12 ವೋಲ್ಟ್ ಲೈನಿನಿಂದ ಒಂದು ಹಳದಿ ದೀಪ ಮತ್ತು ಬಜರ್, ಅಲ್ಲಿಂದ ಆಯಿಲ್ ಪ್ರೆಷರ್ ಸ್ವಿಚ್, ಅಲ್ಲಿಂದ ಅರ್ತ್. ಸ್ವಿಚ್ ಒತ್ತಡ ಇಲ್ಲದಾಗ ಮುಚ್ಚಿಕೊಳ್ಳುವಂಥದ್ದಿರಬೇಕು. ಪಂಪು ಓಡುತ್ತಿದೆ, ಎಂಜಿನ್ ನಿಂತಿದೆ ಎಂದಾಗ ಮಾತ್ರ ಬಜರ್ ಕೂಗುತ್ತದೆ. ಪಂಪು ಮರೆತು ಇಳಿದುಹೋಗುವುದು ಇದರಿಂದ ತಪ್ಪುತ್ತದೆ. ಇದಕ್ಕೆ ಕೆಲವು ನೂರು ರೂಪಾಯಿಯ ಸಾಮಾನು ಸಾಕು, ಒಂದು ಕನೆಕ್ಟಿಂಗ್ ರಾಡಿನ ಬೆಲೆ ಅದರ ಎಷ್ಟೋ ಪಟ್ಟು.

ಇನ್ನು ಡ್ರೈನ್. ಇಂಜೆಕ್ಷನ್ ಇರುವ ಲೈಕಮಿಂಗ್‌ಗಳಲ್ಲಿ ಸಂಪ್ ಬಳಿ ಸ್ನಿಫಲ್ ವಾಲ್ವ್ ಇರುತ್ತದೆ. ಎಂಜಿನ್ ನಿಂತಾಗ ತೆರೆದು ಸೋರಿದ್ದನ್ನು ಹೊರಬಿಡುತ್ತದೆ, ಓಡುವಾಗ ಇಂಟೇಕಿನ ಎಳೆತಕ್ಕೆ ಮುಚ್ಚಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಎಂಜಿನ್ನನ್ನು ಇಂಜೆಕ್ಷನ್ನಿಗೆ ಬದಲಾಯಿಸಿದವರು ಇದಿದೆಯೇ ಎಂದು ನೋಡಲೇಬೇಕು. ಇದ್ದರೆ ಕಸ ತುಂಬಿದೆಯೇ ನೋಡಿ, ಕಾರ್ಬ್ಯುರೇಟರ್ ಕ್ಲೀನರ್ ಬಿಟ್ಟು ಚೆಂಡು ಸಡಿಲ ಆಡುವಂತೆ ಮಾಡಿ. ಕಾರ್ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಕೆಳಮಟ್ಟದ ಜಾಗ ಹುಡುಕಿ 1/8 ಎನ್‌ಪಿಟಿ (ಪೈಪ್ ಥ್ರೆಡ್‌ನ ಒಂದು ಅಳತೆ) ತೂತು ಮಾಡಿ ಅದೇ ಬಗೆಯ ವಾಲ್ವ್ ಹಾಕಬಹುದು. ಟ್ಯೂಬು ಕೌಲಿಂಗ್ ಕೆಳಗೆ ಇಳಿಯಲಿ, ಎಕ್ಸಾಸ್ಟ್ ಪೈಪಿನಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿರಲಿ. ಏರ್‌ಬಾಕ್ಸಿನ ತಳದಲ್ಲೂ 3 ಮಿಲಿಮೀಟರ್ ತೂತು ಬೇಕು. ಒಂದು ಮಾತು ನೆನಪಿರಲಿ: ಇಂಟೇಕ್ ಮೇಲಿರುವ ಎಂಜಿನ್ನಿನಲ್ಲಿ ಇಂಜೆಕ್ಟರಿನಿಂದ ವಾಲ್ವಿನ ಕಡೆಗೆ ಇಳಿದ ಪೆಟ್ರೋಲನ್ನು ಯಾವ ಡ್ರೈನೂ ಹಿಡಿಯಲಾರದು. ಅಲ್ಲಿ ಉಳಿಯುವ ರಕ್ಷಣೆ ಮುಂದಿನ ಹಂತ ಮಾತ್ರ.

ಹಂತ 7: ಆರಿಸುವ ಮತ್ತು ಚಾಲೂ ಮಾಡುವ ಕ್ರಮ

ಆರಿಸುವಾಗ: 1,000 ಆರ್‌ಪಿಎಂನಲ್ಲಿ ಒಂದೆರಡು ನಿಮಿಷ ಬಿಡಿ. ಪಂಪು ಆಫ್ ಮಾಡಿ. ರೈಲಿನ ಒತ್ತಡ ಇಳಿದು ಎಂಜಿನ್ ತಾನೇ ನಿಲ್ಲುವುದನ್ನು ಕಾಯಿರಿ. ಆಮೇಲೆ ಇಗ್ನಿಷನ್ ಮತ್ತು ಇಸಿಯು, ಕೊನೆಗೆ ಫ್ಯೂಯಲ್ ವಾಲ್ವ್. ಇಗ್ನಿಷನ್ ಮೊದಲು ಆರಿಸುವ ಅಭ್ಯಾಸ ಬಿಡಿ. ಹಾಗೆ ಆರಿಸಿದರೆ ರೈಲಿನಲ್ಲಿ 3 ಬಾರ್ ಹಾಗೇ ಉಳಿಯುತ್ತದೆ. ಫ್ಯೂಯಲ್ ವಾಲ್ವ್ ಮುಚ್ಚಿ ಎಂಜಿನ್ ನಿಲ್ಲಿಸುವುದೂ ಬೇಡ, ಪಂಪು ಒಣಗಿ ಓಡಿ ಹಾಳಾಗುತ್ತದೆ.

ಈ ಕ್ರಮಕ್ಕೆ ಒಂದು ಬೆಲೆಯಿದೆ. ಬಿಸಿಲಿನಲ್ಲಿ ಅರ್ಧ ಗಂಟೆ ನಿಂತ ಎಂಜಿನ್ನಿನ ರೈಲಿನಲ್ಲಿ ಆವಿ ತುಂಬಿರುತ್ತದೆ. ಚಾಲೂ ಮಾಡುವ ಮೊದಲು ಪಂಪನ್ನು 10-15 ಸೆಕೆಂಡ್ ಓಡಿಸಿ, ಆವಿ ರಿಟರ್ನ್ ಲೈನಿನಲ್ಲಿ ಟ್ಯಾಂಕಿಗೆ ಹೋಗಲು ಬಿಡಬೇಕು. ಇಷ್ಟು ಕಾಯುವುದು ಲಾಭವೇ.

ಚಾಲೂ ಮಾಡುವಾಗ, ದಿನದ ಮೊದಲ ಸ್ಟಾರ್ಟಿಗೆ ಮುನ್ನ ಎಲ್ಲ ಸ್ವಿಚ್ ಆಫ್ ಇರುವಾಗ ಪ್ರೊಪೆಲ್ಲರನ್ನು ಕೈಯಿಂದ, ಅದು ಸಹಜವಾಗಿ ತಿರುಗುವ ದಿಕ್ಕಿನಲ್ಲೇ, ನಿಧಾನವಾಗಿ ತಿರುಗಿಸಿ. ನೇರ ಜೋಡಣೆಯ ಎಂಜಿನ್ನಿಗೆ ಎರಡು ಪೂರ್ತಿ ಸುತ್ತು ಬೇಕು, ಆಗ ಪ್ರತಿ ಸಿಲಿಂಡರೂ ಒಮ್ಮೆ ಕಂಪ್ರೆಷನ್ನಿಗೆ ಬರುತ್ತದೆ. 2.43ರ ಗೇರ್ ಇರುವ ರೋಟ್ಯಾಕ್ಸಿಗೆ ಒಂದು ಸುತ್ತು ಸಾಕು. ಗಾಳಿಯ ಕಂಪ್ರೆಷನ್ ಕೈಗೆ ಮೆತ್ತಗೆ ಎದುರೊತ್ತಿ ಬಿಡುತ್ತದೆ. ದ್ರವ ಇದ್ದರೆ ಗೋಡೆಗೆ ತಾಗಿದಂತೆ ಪಟ್ಟನೆ ನಿಲ್ಲುತ್ತದೆ. ನಿಂತರೆ ಅಲ್ಲಿಗೇ ಬಿಡಿ.

ಮೂರು ಪ್ರಯತ್ನಕ್ಕೆ ಎಂಜಿನ್ ಹಿಡಿಯದಿದ್ದರೆ ಪಂಪು ಆಫ್. ನಿಂತಲ್ಲೇ ಪಂಪು ಓಡಿಸುತ್ತ ಕಾರಣ ಯೋಚಿಸಬೇಡಿ. ಸುಮ್ಮನೆ ಅತಿಯಾಗಿ ತೇವವಾಗಿದೆ ಎನಿಸಿದರೆ ಪಂಪು ಆಫ್ ಇಟ್ಟು, ಥ್ರಾಟಲ್ ಪೂರ್ತಿ ತೆರೆದು, ಬ್ರೇಕ್ ಬಿಗಿಹಿಡಿದು ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ. ಹಿಡಿದ ಕೂಡಲೇ ಥ್ರಾಟಲ್ ಹಿಂದಕ್ಕೆಳೆದು ಪಂಪು ಹಾಕಿ.

ಫ್ಲಡ್ ಆಗಿಯೇ ಹೋದರೆ

ಕ್ರ್ಯಾಂಕ್ ಮಾಡುವಾಗ ಇಂಟೇಕಿನಲ್ಲಿ ಬೆಂಕಿ ಕಂಡರೆ ಕ್ರ್ಯಾಂಕ್ ನಿಲ್ಲಿಸಬೇಡಿ. ಪಂಪು ಆಫ್, ಫ್ಯೂಯಲ್ ವಾಲ್ವ್ ಆಫ್, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್ ಮಾಡುತ್ತಲೇ ಇರಿ. ಎಂಜಿನ್ ಜ್ವಾಲೆಯನ್ನು ಒಳಗೆಳೆದುಕೊಳ್ಳುತ್ತದೆ. ಆರದಿದ್ದರೆ ಮಾಸ್ಟರ್ ಆರಿಸಿ ಇಳಿದು ಎಕ್ಸ್‌ಟಿಂಗ್ವಿಶರ್ ಬಳಸಿ.

ಪ್ರೊಪೆಲ್ಲರ್ ಸಿಕ್ಕಿಕೊಂಡಿದ್ದರೆ ಸ್ಟಾರ್ಟರ್ ಮುಟ್ಟಬೇಡಿ, ಹಿಂದಕ್ಕೂ ತಿರುಗಿಸಬೇಡಿ. ಹಿಂದಕ್ಕೆ ತಿರುಗಿಸಿದರೆ ಪೆಟ್ರೋಲ್ ಇಂಟೇಕ್ ವಾಲ್ವಿನ ಮೂಲಕ ಪೈಪಿಗೆ ಹೋಗಿ ಕೂರುತ್ತದೆ, ಮುಂದಿನ ಸ್ಟಾರ್ಟಿಗೆ ಮತ್ತೆ ಒಳಗೆ ಬರುತ್ತದೆ. ಬ್ಯಾಟರಿ ಕಳಚಿ, ಪ್ರತಿ ಸಿಲಿಂಡರಿನಿಂದ ಒಂದೊಂದು ಪ್ಲಗ್, ಆದಷ್ಟೂ ಕೆಳಗಿನದು, ತೆಗೆಯಿರಿ. ಬಂದದ್ದನ್ನು ಡಬ್ಬದಲ್ಲಿ ಹಿಡಿದು ಅಳೆಯಿರಿ, ಎಷ್ಟು ಸೋರಿತ್ತೆಂದು ಅದೇ ಹೇಳುತ್ತದೆ. ಕೈಯಿಂದ ಹಲವು ಸುತ್ತು ತಿರುಗಿಸಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಡಿ. ಪೆಟ್ರೋಲ್ ಗೋಡೆಯನ್ನು ತೊಳೆದು ಒಣಗಿಸಿರುತ್ತದೆ.

ಸ್ಟಾರ್ಟರ್ ಅದಾಗಲೇ ಒತ್ತಿ, ಎಂಜಿನ್ ಧಡ್ ಎಂದು ನಿಂತಿದ್ದರೆ ರಾಡ್ ಬಾಗಿದೆಯೇ ಎಂದು ನೋಡದೆ ಹಾರಬಾರದು. ಪ್ಲಗ್ ತೂತಿನಿಂದ ಡೆಪ್ತ್ ಗೇಜ್ ಇಳಿಸಿ, ಮೇಲ್ತುದಿಯಲ್ಲಿ ಪಿಸ್ಟನ್ ಎಷ್ಟು ಎತ್ತರಕ್ಕೆ ಬರುತ್ತದೆಂದು ನಾಲ್ಕೂ ಸಿಲಿಂಡರಿನಲ್ಲಿ ಒಂದೇ ಕೋನದಿಂದ ಅಳೆಯಿರಿ. ಬಾಗಿದ ರಾಡ್ ಗಿಡ್ಡವಾಗಿರುತ್ತದೆ. ಒಂದು ಸಿಲಿಂಡರ್ ಪ್ರತಿ ಸಲವೂ ಕಡಿಮೆ ತೋರಿಸಿದರೆ ಎಂಜಿನ್ ಬಿಚ್ಚಲೇಬೇಕು. ಅಳತೆ ಸರಿಯಿದೆ ಎಂದು ಕಂಡರೂ ಲಾಕ್ ಆದ ಕ್ಷಣದಲ್ಲಿ ಸ್ಟಾರ್ಟರ್ ಜೋರಾಗಿ ತಿರುಗಿಸಿತ್ತು ಎಂದಾದರೆ ನಮ್ಮ ಸಲಹೆ ಬಿಚ್ಚಿ ನೋಡುವುದೇ.

ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ಮಟ್ಟ ಏರಿದ್ದರೆ ಅಥವಾ ಪೆಟ್ರೋಲ್ ವಾಸನೆ ಬಂದರೆ ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿ. ಓಡಿಸಿದರೆ ಆವಿಯಾಗಿ ಹೋಗುತ್ತದೆ ಎಂಬ ಮಾತು ನೆಚ್ಚಿ ಎಂಜಿನ್ ಚಾಲೂ ಮಾಡಬೇಡಿ. ಆ ಹೊತ್ತಿನಲ್ಲೇ ಬೇರಿಂಗ್ ಸವೆಯುತ್ತದೆ.

ಮೆಕ್ಯಾನಿಕಲ್ ಇಂಜೆಕ್ಷನ್ ಇರುವವರಿಗೆ

ಬೆಂಡಿಕ್ಸ್ ಮಾದರಿಯ ಆರ್‌ಎಸ್‌ಎ-5ರಂಥ ವ್ಯವಸ್ಥೆಯಲ್ಲಿ ಸಿಲಿಂಡರಿನ ನಾಜಲ್ ಸದಾ ತೆರೆದೇ ಇರುತ್ತದೆ, ಅದಕ್ಕೆ ಮುಚ್ಚುವ ಕೆಲಸವೇ ಇಲ್ಲ. ಮುಚ್ಚುವುದು ಮಿಕ್ಸ್ಚರ್ ಐಡಲ್ ಕಟ್-ಆಫ್ (ಮಿಕ್ಸ್ಚರ್ ಲಿವರ್ ಪೂರ್ತಿ ಹಿಂದಕ್ಕೆಳೆದ ಸ್ಥಿತಿ) ಮತ್ತು ನಾಜಲ್‌ಗಳಿಗೆ ಪೆಟ್ರೋಲ್ ಹಂಚುವ ಫ್ಲೋ ಡಿವೈಡರ್. ಪರೀಕ್ಷೆ ಸುಲಭ: ಮಿಕ್ಸ್ಚರ್ ಪೂರ್ತಿ ಹಿಂದಕ್ಕೆ, ಥ್ರಾಟಲ್ ಮುಂದಕ್ಕೆ, ಬೂಸ್ಟ್ ಪಂಪು ಚಾಲೂ. ಫ್ಯೂಯಲ್ ಫ್ಲೋ ಸೊನ್ನೆಯಲ್ಲೇ ಇರಬೇಕು, ಸ್ನಿಫಲ್ ವಾಲ್ವಿನಿಂದ ಏನೂ ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಮೊದಲು ಮಿಕ್ಸ್ಚರ್ ಕೇಬಲ್ ತುದಿಯವರೆಗೆ ಲಿವರನ್ನು ಎಳೆಯುತ್ತಿದೆಯೇ ನೋಡಿ. ಎಳೆಯುತ್ತಿದ್ದರೆ ಸರ್ವೋವನ್ನು (ಪೆಟ್ರೋಲ್ ಅಳೆದು ಬಿಡುವ ಆರ್‌ಎಸ್‌ಎ-5ರ ಮುಖ್ಯ ಘಟಕವನ್ನು) ವರ್ಕ್‌ಶಾಪಿಗೆ ಕಳಿಸಬೇಕು.

ಪೆಟ್ರೋಲ್ ಮತ್ತು ವೇಳಾಪಟ್ಟಿ

ವಿಮಾನದ ಪೆಟ್ರೋಲಾದ ಎವ್‌ಗ್ಯಾಸ್ 100ಎಲ್‌ಎಲ್ ತಿಂಗಳುಗಟ್ಟಲೆ ನಿಂತರೂ ಅಷ್ಟು ಬೇಗ ಅಂಟು ಕಟ್ಟುವುದಿಲ್ಲ, ಬಂಕಿನ ಪೆಟ್ರೋಲ್ ಕಟ್ಟುತ್ತದೆ. ಚಳಿಗಾಲಕ್ಕೆ ವಿಮಾನ ನಿಲ್ಲಿಸುವವರು ಕೊನೆಯ ಅರ್ಧ ಗಂಟೆ ಎವ್‌ಗ್ಯಾಸ್‌ನಲ್ಲಿ ಓಡಿಸಿ ಆರಿಸಿದರೆ ರೈಲಿನಲ್ಲಿ ಅದೇ ಉಳಿಯುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಓ-ರಿಂಗ್ ಉಬ್ಬಿಸುತ್ತದೆ. ರೋಟ್ಯಾಕ್ಸ್ 912 ಸರಣಿಗೆ ಶೇ. 10ರ ತನಕ ಮಾತ್ರ ಒಪ್ಪಿಗೆ. ಭಾರತದಲ್ಲಿ ಶೇ. 20 ಎಥನಾಲ್ ಇರುವ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಅದೇ. ಇಲ್ಲಿ ಇಂಜೆಕ್ಷನ್ ಎಂಜಿನ್ನಿಗೆ ಬಂಕಿನ ಪೆಟ್ರೋಲ್ ಹಾಕುವ ಯೋಚನೆ ಇರುವವರು ಮೊದಲು ಪರೀಕ್ಷಿಸಿ: ಅಳತೆ ಗಾಜಿನಲ್ಲಿ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ ಅಲ್ಲಾಡಿಸಿ ಬಿಡಿ. ತಳದ ಪದರ 10ರ ಗೆರೆ ದಾಟಿದರೆ, ದಾಟಿದಷ್ಟೂ ಎಥನಾಲ್ ಹೆಚ್ಚಿದೆ ಎಂದರ್ಥ.

ಮೊದಲ ಸ್ಟಾರ್ಟಿಗೆ ಮುನ್ನ ಒಮ್ಮೆ ರೈಲ್ ಒತ್ತಡದ ಪರೀಕ್ಷೆ ಮಾಡಿ. ಅಮೆರಿಕದಲ್ಲಿ ಸರ್ಟಿಫೈಡ್ ಅಲ್ಲದ ಎಂಜಿನ್ ಇರುವ ಹೋಮ್‌ಬಿಲ್ಟಿಗೆ ಪರೀಕ್ಷಾ ಹಾರಾಟದ ಅವಧಿ ಸಾಮಾನ್ಯವಾಗಿ 40 ಗಂಟೆ. ಆ ಅವಧಿಯಲ್ಲಿ 5, 10 ಮತ್ತು 25ನೇ ಗಂಟೆಗೆ ಮತ್ತೆ ಮಾಡಿ, ಕಟ್ಟುವಾಗ ಬಿದ್ದ ಕಸ ಹೊರಬರುವುದು ಆಗಲೇ. ಮೊದಲ 10 ಗಂಟೆಗೆ ಎರಡೂ ಫಿಲ್ಟರ್ ತೆರೆದು ನೋಡಿ. ಆಮೇಲೆ ಪ್ರತಿ 50 ಗಂಟೆಗೆ ರೈಲ್ ಒತ್ತಡ ಮತ್ತು ರೆಗ್ಯುಲೇಟರ್ ಹೋಸ್, 12 ತಿಂಗಳಿಗೊಮ್ಮೆಯ ಕಂಡಿಷನ್ ಇನ್‌ಸ್ಪೆಕ್ಷನ್ನಿನಲ್ಲಿ ವೈರು, ಸ್ನಿಫಲ್ ವಾಲ್ವ್ ಮತ್ತು ಬಜರ್. ಹನಿ ಪರೀಕ್ಷೆ ಪ್ರತಿ ವರ್ಷ ಕಡ್ಡಾಯವಲ್ಲ, ಚೆನ್ನಾಗಿ ಕೂತ ರೈಲನ್ನು ಸುಮ್ಮನೆ ಎತ್ತಿದರೆ ಓ-ರಿಂಗ್ ಕೆಡುವುದೇ ಹೆಚ್ಚು. ಆದರೆ ಒಂದು ಪ್ಲಗ್ ಮಾತ್ರ ಮಸಿ ಹಿಡಿದಿದ್ದರೆ, ಐಡಲ್‌ನಲ್ಲಿ ಒಂದೇ ಸಿಲಿಂಡರಿನ ಇಜಿಟಿ ತಗ್ಗಿದ್ದರೆ, ಬಿಸಿ ಸ್ಟಾರ್ಟಿಗೆ ಕಪ್ಪು ಹೊಗೆ ಬರತೊಡಗಿದ್ದರೆ, ಇಲ್ಲವೇ ಒತ್ತಡ ನಿಲ್ಲುವ ಹೊತ್ತು ಕಳೆದ ಸಲದ ಅರ್ಧಕ್ಕಿಂತ ಕಡಿಮೆಯಾಗಿದ್ದರೆ, ಮುಂದಿನ ಹಾರಾಟಕ್ಕೆ ಮೊದಲೇ ರೈಲ್ ಎತ್ತಿ ಶೀಶೆ ಇಡಿ.